ಕಿವಿಯ ಹಿಂದಿನ ಕೂದಲು

ಟಿಕೆಟ್ಟೆಲ್ಲ ಮುಗಿದುಹೋಗಿದೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ ಮೇಲೆ ಅಹಲ್ಯಾಳಿಗೆ ಇನ್ನೊಮ್ಮೆ ಹಲ್ಲುಜ್ಜಬೇಕೆನಿಸಿತು. ಸುಳ್ಳು ಹೇಳುವುದು ಅವಳಿಗೇನೂ ಹೊಸತಲ್ಲ, ಆದರೆ ಇದು ತೀರಾ ದರಿದ್ರ ಸುಳ್ಳು. ಅವರ ತಂಡದ ಯಾವ ಪ್ರದರ್ಶನಕ್ಕೂ ಟಿಕೆಟ್ಟು ಮುಗಿದ ಚರಿತ್ರೆಯೇ ಇಲ್ಲ. ಕನ್ನಡದವರು ಕಟ್ಟಿದ ಆಧುನಿಕ ನೃತ್ಯತಂಡ ಎಂದರೆ ದೆಹಲಿಯ ಕನ್ನಡಿಗರು ಮೊದಲು ಭರತನಾಟ್ಯವಾ ಎಂದು ಕೇಳುತ್ತಾರೆ, ಅಲ್ಲವೆಂದರೆ ಯಕ್ಷಗಾನವಾ ಎನ್ನುತ್ತಾರೆ, ಅದೂ ಅಲ್ಲವೆಂದರೆ ಆ ಭಾನುವಾರ ಅವರು ಊರಲ್ಲೇ ಇರುವುದಿಲ್ಲ. ಪುಕ್ಕಟೆ ಪಾಸು ಹಿಡಿದುಕೊಂಡು ಗುರುಗ್ರಾಮದ ಆಫೀಸು ಹುಡುಗರ ಬೆನ್ನು ಬೀಳುವುದೂ ಅಹಲ್ಯಾಳದೇ ಕೆಲಸ. ಈಗಲೂ ಅವಳ ಚೀಲದಲ್ಲಿ ಒಂದು ಕಟ್ಟು ಪಾಸು ರಬ್ಬರ್ ಬ್ಯಾಂಡು ಸುತ್ತಿಸಿಕೊಂಡು ಬಿದ್ದಿತ್ತು. ಯಾರೂ ಕರೆಯದೆ ತಾನಾಗಿಯೇ ಬರುತ್ತೇನೆಂದವಳು ಅಮ್ಮ ಒಬ್ಬಳೇ. ‘ಒಂದೂ ಇಲ್ವಾ ಮಾರಾಯ್ತಿ? ಹಿಂದೆ ನಿಂತಾದ್ರೂ ನೋಡ್ತೇನೆ’ ಎಂದಿದ್ದಳು. ‘ನಿಲ್ಲೋಕೆ ಬಿಡಲ್ಲಮ್ಮ, ಅಲ್ಲಿ ರೂಲ್ಸು ಜಾಸ್ತಿ.’ ಆ ಕಡೆಯಿಂದ ತಮ್ಮದೇ ಹೋಟೆಲಿನ ಪಾತ್ರೆಗಳ ಸದ್ದು ಕೇಳಿಸಿತು. ‘ಹೊಸ ಸೀರೆ ತೆಗೆದಿದ್ದೆ’ ಎಂದಳು ಅಮ್ಮ. ದೂರುವ ದನಿಯಲ್ಲ, ಹಾಲು ಒಡೆದಿದೆ ಎಂದು ಹೇಳುವ ದನಿ. ನಾಳೆಯ ಪ್ರದರ್ಶನದ ನಟ್ಟನಡುವೆ ಒಂದು ಭಾಗವಿತ್ತು. ಅದನ್ನು ಇಡೀ ದೆಹಲಿ ನೋಡಿದರೂ ಅಮ್ಮ ನೋಡಬಾರದಾಗಿತ್ತು.

ಆ ಭಾಗಕ್ಕೆ ತಂಡದಲ್ಲಿ ‘ಕೂದಲು’ ಎಂದು ಹೆಸರು. ಭರತನಾಟ್ಯದ ಹಾಗೆ ಅಡವು, ಜತಿ ಎಂದು ಹೇಳಿಕೊಳ್ಳುವ ಭಾಗ್ಯ ಈ ನೃತ್ಯಕ್ಕಿಲ್ಲವಾದ್ದರಿಂದ ಅಭ್ಯಾಸದಲ್ಲಿ ಒಂದೊಂದು ತುಣುಕಿಗೂ ಬಾಯಿಗೆ ಬಂದ ಹೆಸರು ಅಂಟಿಕೊಳ್ಳುತ್ತದೆ. ಲಿಫ್ಟು, ಪೇಪರು, ಕೂದಲು. ಇವೆಲ್ಲ ಹುಟ್ಟಿದ್ದು ಹೋದ ಬೇಸಿಗೆಯಲ್ಲಿ, ನೋಯ್ಡಾದ ಮಾರ್ಕೆಟ್ಟಿನ ಬೇಸ್‌ಮೆಂಟಿನಲ್ಲಿರುವ ಇದೇ ಸ್ಟುಡಿಯೋದಲ್ಲಿ. ತಂಡದ ಒಡತಿ, ನೃತ್ಯ ಹೊಸೆಯುವವರು, ಸ್ನೇಹಲತಾ. ಮೈಸೂರಿನ ಹೆಂಗಸು, ಅರವತ್ತಾದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈಯೂರದೆ ಏಳಬಲ್ಲರು. ಅವರು ಹೆಜ್ಜೆಗಳನ್ನು ಹೇಳಿಕೊಡುವುದಿಲ್ಲ, ಕೇಳಿ ಪಡೆಯುತ್ತಾರೆ. ‘ನಿಮ್ಮ ಮನೇಲಿ ಮಾತ್ರ ಇರೋ ಒಂದು ಚಲನೆ ತನ್ನಿ, ಬೇರೆ ಯಾರ ಮನೇಲೂ ಸಿಗಬಾರದು’ ಎಂದಿದ್ದರು ಅಂದು. ಅಕ್ಷಯ್ ತನ್ನ ಅಜ್ಜ ಪೇಪರು ಮಡಚುವುದನ್ನು ತಂದ. ಪ್ರಣೀತಾ ತನ್ನ ತಾಯಿ ಲಿಫ್ಟಿನ ಗುಂಡಿಯನ್ನು ಒತ್ತಿದ್ದನ್ನೇ ಒತ್ತುವುದನ್ನು ತಂದಳು. ಅಹಲ್ಯಾ ಏನೂ ತರಬೇಕಾಗಿರಲಿಲ್ಲ. ಮೊಣಕಾಲು ಸವೆದು ವೇದಿಕೆ ಬಿಟ್ಟ ಮೇಲೆ ಅವಳ ಪಾಲಿಗೆ ಬಂದದ್ದು ಅಭ್ಯಾಸ ಮಾಡಿಸುವ ಕೆಲಸ: ಒಬ್ಬರ ಮೈಯಲ್ಲಿ ಹುಟ್ಟಿದ್ದನ್ನು ಇನ್ನೊಬ್ಬರ ಮೈಗೆ ದಾಟಿಸುವುದು, ಯಾರ ಮೊಣಕೈ ಎಲ್ಲಿರಬೇಕೆಂದು ನೆನಪಿಟ್ಟುಕೊಳ್ಳುವುದು, ಪರದೆಯ ಹಿಂದೆ ನಿಲ್ಲುವುದು. ಆದರೂ ಅಂದು ಅವಳು ಎದ್ದು ನಿಂತಿದ್ದಳು. ಯಾರೂ ತನ್ನನ್ನು ಕೇಳಲಿಲ್ಲವಲ್ಲ ಎಂಬ ಹೊಟ್ಟೆಯುರಿ ಅದಕ್ಕೆ ಕಾರಣವೆಂದು ಅವಳಿಗೆ ಆಗಲೇ ಗೊತ್ತಿತ್ತು. ಎದ್ದು ನಿಂತು, ಎಡಗೈಯನ್ನು ಥಟ್ಟನೆ ಕಿವಿಯ ಹತ್ತಿರಕ್ಕೆ ಎತ್ತಿ, ಭುಜವನ್ನು ಕತ್ತಿಗೊತ್ತಿ, ಮೊಣಕೈ ಮುಂದೆ ಮಾಡಿ, ಮರುಕ್ಷಣವೇ ಆ ಕೈ ಬಂದದ್ದೇ ಅದಕ್ಕೆಂಬಂತೆ ಬೆರಳುಗಳಿಂದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಇಷ್ಟೇ. ಸ್ನೇಹಲತಾ, ‘ಇದು ನಮ್ಮ ಹೊಸ ಪ್ರಯೋಗದ ಬೆನ್ನೆಲುಬು’ ಎಂದರು. ಯಾರದ್ದು ಎಂದು ಕೇಳಲಿಲ್ಲ.

ಯಾರದ್ದು ಎಂದು ಮನೆಯಲ್ಲೂ ಯಾರೂ ಕೇಳಿರಲಿಲ್ಲ. ರೋಹಿಣಿ ಬಡಾವಣೆಯ ತಮ್ಮ ಹೋಟೆಲಿನಲ್ಲಿ ಅಪ್ಪ ಕ್ಯಾಶ್ ಕೌಂಟರಿನಲ್ಲಿ ಕೂತರೆ ಗಿರಾಕಿಗಳಿಗೆ ಗೋಪಾಲಣ್ಣ ದೇವರಂಥ ಮನುಷ್ಯ. ಪಂಜಾಬಿ ಮಕ್ಕಳಿಗೆ ಇನ್ನೊಂದು ಬಟ್ಟಲು ಚಟ್ನಿ ತಾನೇ ತಂದು ಕೊಡುತ್ತಿದ್ದ, ‘ಲೋ ಬೇಟಾ’ ಎಂದು ಗಲ್ಲ ಹಿಂಡುತ್ತಿದ್ದ. ಸಾಂಬಾರು ಉಪ್ಪಾಯಿತೆಂದು ಯಾರಾದರೂ ಅಂದರೆ ನಗುನಗುತ್ತಲೇ ಎದ್ದು ಅಮ್ಮನಿದ್ದ ಅಡುಗೆಮನೆಯ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋಗುತ್ತಿದ್ದ. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ಕೈ ಎತ್ತುವಾಗ ಅಪ್ಪನ ಕೆಳತುಟಿ ಹಲ್ಲಿನಡಿಗೆ ಹೋಗುತ್ತಿತ್ತು, ಅಕ್ಕಿಮೂಟೆ ಎತ್ತುವವರಿಗೆ ಹೋಗುವ ಹಾಗೆ. ಅಹಲ್ಯಾ ಅದನ್ನು ಕಂಡದ್ದು ಅಪರೂಪಕ್ಕೆ. ದಿನಾ ಕಾಣುತ್ತಿದ್ದುದು ಅಮ್ಮನ ಎಡಗೈಯನ್ನು. ಯಾರು ಬಿರುಸಾಗಿ ಪಕ್ಕದಲ್ಲಿ ಹಾದುಹೋದರೂ ಅದು ಏಳುತ್ತಿತ್ತು, ಎದ್ದದ್ದು ಕೂದಲು ಸರಿಮಾಡಿ ಇಳಿಯುತ್ತಿತ್ತು. ಅವಳಿಗೂ ತಮ್ಮ ವಿಠಲನಿಗೂ ಅದೊಂದು ಆಟ. ಒಬ್ಬರು ಚಪ್ಪಾಳೆ ತಟ್ಟಿದರೆ ಇನ್ನೊಬ್ಬರು ಅಮ್ಮನಾಗಬೇಕು. ಎಂತ ಮಕ್ಕಳೇ ಅದು ಎಂದು ಅಮ್ಮನೂ ನಗುತ್ತಿದ್ದಳು. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಹೋಟೆಲನ್ನು ಈಗ ವಿಠಲ ನೋಡಿಕೊಳ್ಳುತ್ತಾನೆ, ಬಾಗಿಲು ಕಿತ್ತು ಅಲ್ಲಿ ಮಣಿಯ ಪರದೆ ಇಳಿಬಿಟ್ಟಿದ್ದಾನೆ. ಕುಕ್ಕರು ಕೂಗಿದರೆ ಅಮ್ಮನ ಕೈ ಇವತ್ತಿಗೂ ಕಿವಿಯ ಹತ್ತಿರ ಹೋಗುತ್ತದೆ.

ಚಳಿಗಾಲದ ಆ ಶನಿವಾರ ಬೇಸ್‌ಮೆಂಟಿನಲ್ಲಿ ಕೊನೆಯ ಅಭ್ಯಾಸ. ಒಂದು ಗೋಡೆಯುದ್ದಕ್ಕೂ ಕನ್ನಡಿ, ಅದರ ಎದುರಿನ ಗೋಡೆಯಲ್ಲಿ ಮೆಟ್ಟಿಲಿನ ಬಾಗಿಲು, ಬಾಗಿಲ ಬಳಿ ಎಲ್ಲರ ಶೂಗಳು. ಅಹಲ್ಯಾ ಫೋನನ್ನು ಸೈಲೆಂಟಿಗೆ ಹಾಕಿ ಚೀಲದಲ್ಲಿಟ್ಟಳು, ಪಾಸುಗಳ ಕಟ್ಟಿನ ಪಕ್ಕ. ಅದನ್ನು ನೋಡಿದಾಗ ಮತ್ತೆ ಬಾಯಿ ಕಹಿಯಾಯಿತು. ಪ್ರಣೀತಾಳಿಗೆ ಕೂದಲಿನ ಭಾಗ ಇವತ್ತೂ ಕೂಡುತ್ತಿರಲಿಲ್ಲ. ಗುರುಗ್ರಾಮದಲ್ಲಿ ಬೆಳೆದ ಹುಡುಗಿ, ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು. ಅವಳು ಕೈ ಎತ್ತಿದರೆ ಅದು ಅಲಂಕಾರವಾಗಿಬಿಡುತ್ತದೆ. ‘ಚೆನ್ನಾಗಿ ಕಾಣ್ತಿದೆಯಲ್ಲ, ಅದೇ ತೊಂದರೆ’ ಎಂದರು ಸ್ನೇಹಲತಾ ಕುರ್ಚಿಯಿಂದ. ‘ದೀದಿ, ಆಪ್ ವೋ ಕರೋ ನಾ,’ ಎಂದಳು ಪ್ರಣೀತಾ ಅಹಲ್ಯಾಳ ಕಡೆ ತಿರುಗಿ, ‘ನೀವು ಮಾಡಿದ್ರೇನೇ ನನಗೆ ಬರೋದು.’ ಹುಡುಗಿ ಕೇಳಿದ್ದು ಅಹಲ್ಯಾ ಕಂಡುಹಿಡಿದಿದ್ದ ಉಪಾಯವನ್ನು. ಕಂಡುಹಿಡಿದದ್ದೂ ಅಲ್ಲ, ಒಂದು ದಿನ ತಾನಾಗಿ ಬಂದದ್ದು: ಹೇಳಿ ಹೇಳಿ ಸಾಕಾಗಿ ಅವಳು ಇದ್ದಕ್ಕಿದ್ದಂತೆ ಪ್ರಣೀತಾಳ ಮುಖದ ಮೇಲೆ ಹೊಡೆಯುವವಳಂತೆ ಕೈ ಎತ್ತಿದ್ದಳು, ಹುಡುಗಿಯ ಎಡಗೈ ಯಾವ ಅಲಂಕಾರವೂ ಇಲ್ಲದೆ ಕಿವಿಗೆ ಏರಿತ್ತು. ‘ಅದು! ಅದೇ!’ ಎಂದು ಸ್ನೇಹಲತಾ ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ಅಭ್ಯಾಸಕ್ಕೆ ಮೊದಲು ಅಹಲ್ಯಾ ಸಾಲಿನ ನಡುವೆ ಓಡಾಡುತ್ತಾಳೆ, ಯಾರ ಮುಂದೆ ಯಾವಾಗ ನಿಲ್ಲುತ್ತಾಳೆಂದು ಯಾರಿಗೂ ಗೊತ್ತಿರುವುದಿಲ್ಲ. ಯಾರನ್ನೂ ಮುಟ್ಟಿಲ್ಲ. ಹುಡುಗಿಯರು ಬೆಚ್ಚಿ, ಆಮೇಲೆ ಕಿಸಕ್ಕನೆ ನಗುತ್ತಾರೆ. ಅವರು ಬೆಚ್ಚಿದಾಗ ಅವಳ ಹೊಟ್ಟೆಯೊಳಗೆ ಬೆಚ್ಚಗೆ ಏನೋ ಹರಡುತ್ತದೆ. ಕೆಲಸ ಕೈಗೂಡಿದ ಸಮಾಧಾನ ಅದು ಎಂದು ಅವಳು ಅದನ್ನು ಕರೆದುಕೊಂಡಿದ್ದಾಳೆ.

ಹೋದ ವಾರ ಒಂದು ಪತ್ರಿಕೆಯವರು ಬಂದಿದ್ದಾಗ ಸ್ನೇಹಲತಾ ಆ ಚಲನೆಯನ್ನು ತಾವು ಅನೇಕ ವರ್ಷಗಳಿಂದ ಹುಡುಕುತ್ತಿದ್ದುದಾಗಿ ಹೇಳಿದ್ದರು. ಪರದೆಯ ಪಕ್ಕದಲ್ಲಿ ತಂತಿ ಸುತ್ತುತ್ತಿದ್ದ ಅಹಲ್ಯಾಳ ಮುಖ ಬಿಸಿಯೇರಿತ್ತು. ನಾನು ಕೊಟ್ಟದ್ದು, ನನ್ನ ಹೆಸರನ್ನೊಮ್ಮೆ ಎತ್ತಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದುಕೊಂಡಿದ್ದಳು. ಆಟೋದಲ್ಲಿ ಮನೆಗೆ ಹೋಗುವಾಗ, ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ಅವಳಿಗೆ ಹೊಳೆದಿತ್ತು: ಅಮ್ಮನ ಹೆದರಿಕೆಗೆ ತನಗೆ ಹೆಸರು ಬರಬೇಕಿತ್ತು ಎಂದು ತಾನು ಒಳಗೊಳಗೇ ಕುದಿಯುತ್ತಿದ್ದೇನೆ. ಥೂ ಎಂದು ಜೋರಾಗಿಯೇ ಅಂದುಬಿಟ್ಟಿದ್ದಳು. ಆಟೋದವನು ಕನ್ನಡಿಯಲ್ಲಿ ಅವಳನ್ನು ನೋಡಿದ್ದ, ಅವಳು ಹೊಗೆಯಿಂದ ಹಾಗಂದವಳಂತೆ ಮೂಗಿಗೆ ದುಪಟ್ಟಾ ಹಿಡಿದಿದ್ದಳು.

‘ಆಯ್ತು, ರೆಡಿಯಾಗಿ’ ಎಂದು ಅವಳು ಈಗ ಸಾಲಿನ ನಡುವೆ ನಡೆದಳು. ಕನ್ನಡಿಗೆ ಮುಖಮಾಡಿ ನಿಂತವರ ಬೆನ್ನಹಿಂದೆ ಹೋದಳು, ತಿರುಗಿ ಬಂದಳು, ಅಕ್ಷಯನ ಮುಂದೆ ನಿಂತಂತೆ ಮಾಡಿ ಮುಂದೆ ಹೋದಳು. ಎಲ್ಲರೂ ಉಸಿರು ಹಿಡಿದಿದ್ದರು. ಕನ್ನಡಿಗೂ ಪ್ರಣೀತಾಳಿಗೂ ನಡುವೆ ಓರೆಯಾಗಿ ಬಂದು ಕೈ ಎತ್ತಿದಳು. ಹುಡುಗಿಯ ಎಡಗೈ ಏರಿತು, ಭುಜ ಕತ್ತಿಗೊತ್ತಿತು, ಬೆರಳು ಕೂದಲನ್ನು ಹುಡುಕಿತು. ಸರಿಯಾಗಿ ಬಂತು ಎಂದು ನೋಡಲು ಅಹಲ್ಯಾ ಕನ್ನಡಿಯತ್ತ ಕಣ್ಣು ಹೊರಳಿಸಿದಾಗ ಅಲ್ಲಿ ಇನ್ನೊಂದು ಎಡಗೈ ಕಾಣಿಸಿತು. ಬಾಗಿಲಲ್ಲಿ, ಶೂಗಳ ನಡುವೆ, ಚಪ್ಪಲಿ ಬಿಟ್ಟ ಬರಿಗಾಲಿನಲ್ಲಿ, ಇನ್ನೂ ಮಡಿಕೆ ಮುರಿಯದ ಹಸಿರು ಸೀರೆಯುಟ್ಟು ಅಮ್ಮ ನಿಂತಿದ್ದಳು. ಬಲಗೈಯಲ್ಲಿ ಸ್ಟೀಲಿನ ಬುತ್ತಿ ತೂಗುತ್ತಿತ್ತು. ಎಡಗೈ ಕಿವಿಯ ಹತ್ತಿರ ಹೋಗಿ ನರೆಗೂದಲನ್ನು ಹಿಂದಕ್ಕೆ ಸಿಕ್ಕಿಸುತ್ತಿತ್ತು. ಇವೆರಡರ ಈಚೆಗೆ ಕನ್ನಡಿಯಲ್ಲಿ ಎತ್ತಿದ ಬಲಗೈಯೊಂದಿತ್ತು, ಅದರ ಕೆಳಗೆ ಒಂದು ಮುಖ. ಆ ಮುಖದ ಕೆಳತುಟಿ ಹಲ್ಲಿನಡಿಗೆ ಹೋಗಿತ್ತು. ಅದು ತನ್ನ ಮುಖವೆಂದು ಅಹಲ್ಯಾಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಾನು ಅಮ್ಮನಿಂದ ಏನನ್ನೋ ಪಡೆದವಳೆಂದು ಅವಳು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು.

‘ನೋಡು, ನೋಡು ಪ್ರಣೀತಾ!’ ಸ್ನೇಹಲತಾ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಅವರ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕಾಡಿನಲ್ಲಿ ಹಕ್ಕಿ ಕಂಡವರ ಹಿಗ್ಗು. ‘ಎಷ್ಟು ಸಹಜ ನೋಡು, ಹೇಳಿಕೊಟ್ಟರೆ ಬರುತ್ತಾ ಇದು? ಅಮ್ಮಾ, ಬನ್ನಿ ಒಳಗೆ. ಇನ್ನೊಂದ್ಸಲ ಮಾಡ್ತೀರಾ, ಈಗ ಮಾಡಿದ್ರಲ್ಲ?’

‘ನಾನೆಂತ ಮಾಡಿದೆ?’ ಎಂದಳು ಅಮ್ಮ. ಬುತ್ತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ‘ಕರೀದೆ ಬಂದದ್ದು ತಪ್ಪಾಯ್ತೇನೋ. ನಾಳೆ ಟಿಕೆಟ್ ಇಲ್ಲ ಅಂದ್ಲು ಅಹಲ್ಯಾ. ಇವತ್ತಾದ್ರೂ ಒಂಚೂರು ನೋಡುವ ಅಂತ. ವಿಠಲ ಕ್ಯಾಬ್ ಮಾಡಿ ಕಳಿಸಿದ. ಅವ ನಿಂಗೆ ಫೋನ್ ಮಾಡ್ತಾನೇ ಇದ್ದ ಮಾರಾಯ್ತಿ, ನೀ ತೆಗೀಲಿಲ್ಲ.’

‘ಟಿಕೆಟ್ ಇಲ್ವಾ?’ ಎಂದರು ಸ್ನೇಹಲತಾ. ‘ಯಾರು ಹೇಳಿದ್ದು? ಇಡೀ ಹಾಲ್ ಖಾಲಿ ಇದೆಯಲ್ಲ.’

ಎಲ್ಲರೂ ಅಹಲ್ಯಾಳನ್ನು ನೋಡಿದರು. ಅಮ್ಮ ಮಾತ್ರ ನೋಡಲಿಲ್ಲ, ಬುತ್ತಿಯ ಹಿಡಿಯನ್ನು ನೋಡಿದಳು. ಪ್ರಣೀತಾ ಅಮ್ಮನನ್ನೊಮ್ಮೆ ನೋಡಿ, ಅಹಲ್ಯಾಳನ್ನೊಮ್ಮೆ ನೋಡಿ, ನಿಧಾನವಾಗಿ ತನ್ನ ಎಡಗೈಯನ್ನು ಬೆನ್ನಹಿಂದೆ ಕಟ್ಟಿಕೊಂಡಳು. ಆ ಹುಡುಗಿಗೆ ಗೊತ್ತಾಗಿಹೋಯಿತು. ಸ್ನೇಹಲತಾಗೆ ಗೊತ್ತಾಗಲಿಲ್ಲ, ಅವರು ಅಮ್ಮನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ‘ಒಬ್ಬರಾದ್ರೂ ಪ್ರೇಕ್ಷಕರು ಸಿಕ್ಕಿದ್ರಲ್ಲ, ಚಲೋ, ಕೂದಲಿಂದ ಮಾಡೋಣ. ಅಹಲ್ಯಾ, ಮ್ಯೂಸಿಕ್’ ಎಂದರು. ಸ್ಪೀಕರು ಕೆಟ್ಟಿದೆ ಎನ್ನಬಹುದಿತ್ತು. ತಲೆಸುತ್ತು ಬಂತು ಎನ್ನಬಹುದಿತ್ತು. ಬೆಳಿಗ್ಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ನಾಲಿಗೆಗೆ ಈಗ ಒಂದೂ ಸಿಗಲಿಲ್ಲ. ಅಹಲ್ಯಾ ಲ್ಯಾಪ್‌ಟಾಪಿನ ಮುಂದೆ ಕೂತು ಗುಂಡಿ ಒತ್ತಿದಳು.

ಎಲ್ಲರ ಎಡಗೈಗಳು ಒಟ್ಟಿಗೆ ಎದ್ದವು. ಎಲ್ಲರ ಭುಜಗಳೂ ಕತ್ತಿಗೊತ್ತಿದವು. ಬೆರಳುಗಳು ಕೂದಲನ್ನು ಕಿವಿಯ ಹಿಂದೆ ಸರಿಸಿದವು, ಮತ್ತೆ ಎದ್ದವು, ಮತ್ತೆ ಸರಿಸಿದವು, ವೇಗ ಹೆಚ್ಚುತ್ತಾ ಹೋಯಿತು. ಅಭ್ಯಾಸದಲ್ಲಿ ಇದುವರೆಗೆ ಹೀಗೆ ಬಂದೇ ಇರಲಿಲ್ಲ. ಮೈ ಜುಮ್ಮೆಂದಿತು ಅವಳಿಗೆ, ಸಂತೋಷದಿಂದ, ಹೌದು, ಸಂತೋಷದಿಂದಲೇ. ಆ ಸಾಲಿನಲ್ಲಿ ಒಂದು ಕೈ ಮಾತ್ರ ಒಂಚೂರು ತಗ್ಗಿದ್ದುದು ಕಣ್ಣಿಗೆ ಚುಚ್ಚಿತು. ‘ಅಕ್ಷಯ್, ಮೊಣಕೈ!’ ಎಂದು ಕೂಗಿದಳು. ಬಾಯಿಂದ ಹೊರಬಿದ್ದ ಮೇಲೆಯೇ ಅವಳಿಗೆ ಅಮ್ಮನ ನೆನಪಾದದ್ದು. ಅಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮೊದಮೊದಲು ಮದುವೆಮನೆಯಲ್ಲಿ ಪರಿಚಯದವರನ್ನು ಹುಡುಕುವವಳಂತೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಕೈಗಳನ್ನು ನೋಡತೊಡಗಿದಳು. ಸಂಗೀತದಲ್ಲಿ ದೊಡ್ಡದೊಂದು ಸದ್ದು ಬಂದಾಗ ಅವಳ ಎಡಗೈ ಮಡಿಲಿನಿಂದ ಎದ್ದಿತು, ಅರ್ಧಕ್ಕೆ ಬಂದು ನಿಂತಿತು. ಅಮ್ಮ ಅದನ್ನು ನೋಡಿದಳು. ಯಾರದ್ದೋ ಕೈ ತನ್ನ ಸೀರೆಯೊಳಗಿಂದ ಬಂದ ಹಾಗೆ ನೋಡಿದಳು. ಬಲಗೈಯಿಂದ ಅದನ್ನು ಹಿಡಿದು ಮಡಿಲಿಗೆ ತಂದು ಅಲ್ಲೇ ಒತ್ತಿ ಹಿಡಿದುಕೊಂಡಳು.

ಮುಗಿದ ಮೇಲೆ ಅಮ್ಮ ಎದ್ದು ಬುತ್ತಿ ಬಿಚ್ಚಿದಳು. ಗೋಳಿಬಜೆ ತಣ್ಣಗಾಗಿತ್ತು, ಚಟ್ನಿ ಸ್ವಲ್ಪ ಚೆಲ್ಲಿತ್ತು. ಎಲ್ಲರಿಗೂ ತಾನೇ ಹಂಚಿದಳು. ‘ತುಂಬಾ ಚಂದ ಆಯ್ತು,’ ಎಂದಳು, ‘ಎಲ್ಲ ಒಂದೇ ಸಮ ಮಾಡ್ತೀರಲ್ಲ, ಎಷ್ಟು ಕಷ್ಟವೋ ಏನೋ.’ ಸ್ನೇಹಲತಾ ಪಕ್ಕದಲ್ಲಿ ನಿಂತು ತಿನ್ನುತ್ತಿದ್ದರು. ಅವರ ಕಡೆ ತಿರುಗಿ ಅಮ್ಮ ಕೇಳಿದಳು: ‘ಅದು ಯಾರು ಹಾಗೆ ಮಾಡೂದು? ಆ ಕೂದಲು?’

‘ಎಲ್ಲಾ ಹೆಂಗಸರೂ ಮಾಡ್ತಾರಲ್ಲಮ್ಮ, ಗಮನಿಸಿದರೆ.’

‘ಹೌದಾ’ ಎಂದಳು ಅಮ್ಮ.

ಅಮ್ಮನನ್ನು ರೋಹಿಣಿಗೆ ಬಿಟ್ಟುಬರುತ್ತೇನೆಂದು ಅಹಲ್ಯಾ ಹೊರಟಳು. ಪ್ರಣೀತಾ ಮೆಟ್ಟಿಲಿನವರೆಗೆ ಬಂದು, ಎಂದೂ ಮಾಡದವಳು, ಅಮ್ಮನ ಕಾಲು ಮುಟ್ಟಿದಳು. ‘ಜೀತೀ ರಹೋ’ ಎಂದಳು ಅಮ್ಮ, ಹೋಟೆಲಿನಲ್ಲಿ ಕಲಿತ ಹಿಂದಿಯಲ್ಲಿ. ಕ್ಯಾಬಿನೊಳಗೆ ಸುಗಂಧದ ಡಬ್ಬಿಯ ವಾಸನೆ ತಲೆಗೇರುವಂತಿತ್ತು. ಅಮ್ಮ ಗಾಜನ್ನು ಬೆರಳಷ್ಟು ಇಳಿಸಿದಳು. ಯಮುನೆಯ ಸೇತುವೆಯ ಮೇಲೆ ಗಾಡಿಗಳು ನಿಂತು ನಿಂತು ಸಾಗಿದವು. ಕೆಳಗೆ ನೀರಿನ ಮೇಲೆ ಬಿಳಿ ನೊರೆ, ಮೇಲೆ ಬೂದುಬಣ್ಣದ ಬಿಸಿಲು. ಅಮ್ಮ ಬೈಯಲಿ ಎಂದು ಅಹಲ್ಯಾ ಕಾಯುತ್ತಿದ್ದಳು. ಟಿಕೆಟ್ಟಿನ ಸುಳ್ಳಿಗಾದರೂ ಬೈಯಬಹುದಿತ್ತು. ಫೋನು ನಡುಗಿತು. ಸ್ನೇಹಲತಾ ಬರೆದಿದ್ದರು: ಅಮ್ಮನ ಕೈ ಕೊನೆಯಲ್ಲಿ ಅರ್ಧಕ್ಕೆ ನಿಂತದ್ದು ನೋಡಿದೆಯಾ, ಇನ್ನೊಂದು ಕೈ ಬಂದು ಅದನ್ನು ಹಿಡಿದದ್ದು? ನಮ್ಮ ಭಾಗ ಅಲ್ಲಿಗೇ ಮುಗಿಯಬೇಕು, ನಾಳೆ ಬೆಳಿಗ್ಗೆ ಎಲ್ಲರಿಗೂ ಹೇಳಿಕೊಡು. ಅಹಲ್ಯಾ ಫೋನನ್ನು ತೊಡೆಯ ಮೇಲೆ ಮಗುಚಿಟ್ಟಳು. ಎಂಥ ಹೆಂಗಸು, ನಾಚಿಕೆಯಾಗಬೇಡವೇ ಇವರಿಗೆ ಎಂದುಕೊಂಡು ಕೆಳಗೆ ನೋಡಿದರೆ ಅವಳದೇ ಎಡಗೈ ತೊಡೆಯಿಂದ ಗೇಣುದ್ದ ಮೇಲೆದ್ದು ನಿಂತಿತ್ತು, ಬಲಗೈ ಅದನ್ನು ಹಿಡಿಯಲು ಹೊರಟಿತ್ತು. ಮೈಯೇ ಆಗಲೇ ಪಾಠ ಒಪ್ಪಿಸುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತಳು.

‘ಯಾರಿಗೂ ಗೊತ್ತಾಗ್ಲಿಲ್ಲ ಅಂತ ಎಣಿಸಿದ್ದೆ ನಾನು’ ಎಂದಳು ಅಮ್ಮ ಹೊರಗೆ ನೋಡುತ್ತಾ. ‘ಕೂದಲು ಸರಿ ಮಾಡೂದು ಅಂತ್ಲೇ ಎಲ್ಲರೂ ತಿಳ್ಕೊಂಡಿದ್ದಾರೆ ಅಂತ. ನಂಗೇ ಹಾಗೆ ಅಭ್ಯಾಸ ಆಗಿಹೋಗಿತ್ತು.’

‘ಅಮ್ಮ, ನಾಳೆ ಅದನ್ನ ತೆಗೆಸ್ತೀನಿ. ಆ ಭಾಗವೇ ಬೇಡ ಅಂತೀನಿ. ಒಪ್ಪದಿದ್ರೆ ನಾನು ಬಿಟ್ಟುಬರ್ತೀನಿ.’

‘ಬೇಡ, ಬೇಡ. ಪಾಪ, ಆ ಮಕ್ಕಳು ಕಷ್ಟಪಟ್ಟು ಕಲ್ತಿದ್ದಾರೆ, ಎಂತಕ್ಕೆ ತೆಗೆಸೂದು?’ ಅಮ್ಮ ಈಗ ಅವಳ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಎದುರಿಗಿರುವವಳು ಯಾರೆಂದು ಸರಿಯಾಗಿ ನೋಡಿಕೊಳ್ಳುತ್ತಿದ್ದಳು. ‘ನೀ ಮಾತ್ರ ಆ ಹುಡುಗಿಗೆ ಕೈ ಎತ್ತಬೇಡ. ನಗ್ತಾಳೆ ಅಂತ ಎತ್ತಬೇಡ. ನಿಮ್ಮಪ್ಪನೂ ಸುರುವಿಗೆ ತಮಾಷೆಗೇ ಎತ್ತಿದ್ದು. ನಾನೂ ನಗ್ತಿದ್ದೆ.’

ಸೇತುವೆ ಮುಗಿದು ಗಾಡಿ ವೇಗ ಹಿಡಿಯಿತು. ಗಾಜಿನ ಸಂದಿಯಿಂದ ನುಗ್ಗಿದ ಗಾಳಿಗೆ ಅಮ್ಮನ ಕಿವಿಯ ಹಿಂದಿನ ನರೆಗೂದಲು ಬಿಚ್ಚಿಕೊಂಡು ಕಣ್ಣಿನ ಮೇಲೆ ಬಿತ್ತು. ಅಮ್ಮ ಕಣ್ಣು ಮಿಟುಕಿಸಿದಳು. ಎಡಗೈ ಮಡಿಲಿನಲ್ಲಿ ಅಲುಗಿತು, ಬಲಗೈ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು. ಕೂದಲು ಕಣ್ಣಿಗೆ ಚುಚ್ಚುತ್ತಿದ್ದಿರಬೇಕು, ನೀರು ಬರುತ್ತಿತ್ತು. ಅದನ್ನು ಹಿಂದಕ್ಕೆ ಸರಿಸಲೆಂದು ಅಹಲ್ಯಾ ತೊಡೆಯಡಿಯಿಂದ ಬಲಗೈ ತೆಗೆದು ಎತ್ತಿದಳು. ಅಮ್ಮ ಕೈ ಅಡ್ಡ ಮಾಡಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲೇ ಹಿಡಿದುಕೊಂಡು, ಮುಖವನ್ನು ಒಂಚೂರೂ ಸರಿಸದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅಹಲ್ಯಾ ಕೈಯನ್ನು ಕೆಳಗಿಳಿಸಿದಳು. ರೋಹಿಣಿ ಬರುವವರೆಗೂ ಕೂದಲು ಹಾಗೆಯೇ ಕಣ್ಣ ಮೇಲಿತ್ತು.